ಹನ್ನೊಂದು ಜನ, ಒಂದು ಫ್ರೀಜರ್

ಪ್ರಶ್ನೆ: ಎಂಟು ವರ್ಷಗಳಿಂದ ದೊಡ್ಡ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದೇನೆ. ಅಪರೂಪದ ಕಾಯಿಲೆಯೊಂದಕ್ಕೆ ಮದ್ದು ಹುಡುಕುತ್ತಿರುವ ಹನ್ನೊಂದು ಜನರ ಸ್ಟಾರ್ಟ್‌ಅಪ್ ಈಗ ನನ್ನನ್ನು ಕರೆಯುತ್ತಿದೆ. ಸಂಬಳ ಕಡಿಮೆ, ಆದರೆ ಕೆಲಸಕ್ಕೆ ಅರ್ಥವಿದೆ ಎನ್ನುತ್ತಾರೆ. ನೀವು ಅಂಥ ಕಡೆ ದುಡಿದವರು. ಹೋಗಲೇ?
– ಹೆಸರು ಬೇಡ

ಉತ್ತರ: ಅರ್ಥದ ಮಾತು ಆಮೇಲೆ. ಬ್ಯಾಂಕಿನಲ್ಲಿರುವ ಹಣ ಎಷ್ಟು ತಿಂಗಳ ಸಂಬಳಕ್ಕೆ ಸಾಲುತ್ತದೆ ಎಂದು ಮೊದಲು ಕೇಳಿ. ಹನ್ನೆರಡಕ್ಕಿಂತ ಕಡಿಮೆ ಎಂದರೆ ಸ್ಥಾಪಕರು ಪ್ರಯೋಗಾಲಯದಲ್ಲಿ ಸಿಗುವುದಿಲ್ಲ, ಹೂಡಿಕೆದಾರರ ಬಾಗಿಲಲ್ಲಿ ಸಿಗುತ್ತಾರೆ. ಎರಡನೆಯ ಪ್ರಶ್ನೆ: ಚಿಕಿತ್ಸೆಯಿಲ್ಲದೆ ಈ ಕಾಯಿಲೆ ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತದೆ ಎಂಬುದರ ದಾಖಲೆ ನಿಮ್ಮಲ್ಲಿದೆಯೇ? ರೋಗಿಗಳು ಬೆರಳೆಣಿಕೆಯಷ್ಟಿರುವಾಗ ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಹುಸಿಮದ್ದು ಎಂದು ಹಂಚುವುದು ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಆಗ ಹೋಲಿಸಲು ಉಳಿಯುವುದು ಆ ದಾಖಲೆಯೊಂದೇ. ಅದಿಲ್ಲದೆ ಮದ್ದು ಕೆಲಸ ಮಾಡಿದರೂ, ಮಾಡಿತೆಂದು ತೋರಿಸುವುದು ಕಷ್ಟ.

ನಾನು ಆರು ವರ್ಷ ಇದ್ದ ಕಡೆ ನಾವು ಒಂಬತ್ತೇ ಜನ. ಕಿಣ್ವ ಶುದ್ಧೀಕರಿಸುವುದು ನನ್ನ ಕೆಲಸವೆಂದು ನೇಮಕಪತ್ರ ಹೇಳುತ್ತಿತ್ತು. ಪಾರ್ಸೆಲ್ ಇಳಿಸಿಕೊಳ್ಳುವುದು, ಅನುಮತಿಯ ಅರ್ಜಿ ಬರೆಯುವುದು, ಸಿಂಕು ಕಟ್ಟಿಕೊಂಡರೆ ಬಿಡಿಸುವುದು ಅದರಲ್ಲಿರಲಿಲ್ಲ. ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನ ಅಲಾರಾಂ ಬರುತ್ತಿದ್ದದ್ದೂ ನನ್ನ ಮೊಬೈಲಿಗೇ. ಒಂದು ರಾತ್ರಿ ಎರಡೂವರೆಗೆ ಅದು ಕೂಗಿತು. ಓಡಿಹೋಗಿ ನೋಡಿದರೆ ರಬ್ಬರ್ ಪಟ್ಟಿಯ ಮೇಲೆ ಹಿಮ ಕಟ್ಟಿ, ಬಾಗಿಲು ಒಂದು ಬೆರಳಷ್ಟು ಬಾಯಿ ಬಿಟ್ಟಿತ್ತು. ಒಳಗೆ ಹದಿನಾಲ್ಕು ಮಕ್ಕಳ ರಕ್ತದ ಮಾದರಿಗಳು. ನಿಮ್ಮ ಈಗಿನ ಕಂಪನಿಯಲ್ಲಿ ಹದಿನಾಲ್ಕು ಎಂದರೆ ಒಂದು ಡಬ್ಬಿಯ ಮೂಲೆ. ನಮಗೆ ಇದ್ದದ್ದೇ ಅಷ್ಟು. ಅವರಲ್ಲಿ ಮೂವರು ಮಕ್ಕಳಿಂದ ಮತ್ತೆ ಪಡೆಯುವಂತೆಯೂ ಇರಲಿಲ್ಲ. ಪಕ್ಕದ ಪ್ರಯೋಗಾಲಯದವರನ್ನು ಎಬ್ಬಿಸಿ, ಅವರ ಫ್ರೀಜರಿನಲ್ಲಿ ಒಂದು ಅರೆ ಬೇಡಿ, ಬೆಳಗಾಗುವವರೆಗೆ ಅಲ್ಲೇ ನೆಲದ ಮೇಲೆ ಕುಳಿತಿದ್ದೆ.

ಇದನ್ನೆಲ್ಲ ಸಹಿಸಬಹುದು. ನನಗೆ ಕಷ್ಟವಾದದ್ದು ಫೋನು. ತಾಯಿಯೊಬ್ಬರು ಪ್ರತಿ ತಿಂಗಳು ಕರೆ ಮಾಡಿ, ತಮ್ಮ ಮಗಳ ಹೊತ್ತಿಗೆ ಮದ್ದು ಸಿದ್ಧವಾಗುತ್ತದೆಯೇ ಎಂದು ಕೇಳುತ್ತಿದ್ದರು. ಪ್ರಾಣಿಗಳಲ್ಲಿ ವಿಷಪರೀಕ್ಷೆ, ಮನುಷ್ಯರಿಗೆ ಕೊಡಬಹುದಾದಷ್ಟು ಶುದ್ಧವಾದ ತಯಾರಿಕೆ, ಅನುಮತಿ ಎಲ್ಲವನ್ನೂ ಕೂಡಿಸಿದರೆ ಇನ್ನೂ ನಾಲ್ಕು ವರ್ಷ. ಅದು ನನಗೆ ಗೊತ್ತಿತ್ತು. ಆದರೂ ಎರಡು ವರ್ಷ ‘ಪ್ರಯತ್ನಿಸುತ್ತಿದ್ದೇವೆ, ಅಮ್ಮ’ ಎಂದೇ ನುಣುಚಿಕೊಂಡೆ. ಮೂರನೆಯ ವರ್ಷ, ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅವಳ ರಕ್ತ ನಿಮಗೆ ಇನ್ನೂ ಬೇಕೇ?’ ಎಂದರು. ಬೇಕು ಎಂದೆ. ಕಳಿಸಿದರು.

ಇನ್ನೊಂದು ವಿಷಯ. ಒಂದು ಕಿಣ್ವದ ಕೊರತೆಯಿಂದ ಸ್ನಾಯುಗಳು ಸೊರಗುವ, ಆ ಕಿಣ್ವವನ್ನೇ ಮದ್ದಾಗಿ ಕೊಡುವ ಪಾಂಪೆ ಕಾಯಿಲೆಯಿದ್ದ ಇಬ್ಬರು ಮಕ್ಕಳ ತಂದೆ ಜಾನ್ ಕ್ರೌಲಿ ಮುನ್ನಡೆಸುತ್ತಿದ್ದ ನೋವಾಜೈಮ್ ಎಂಬ ಪುಟ್ಟ ಕಂಪನಿಯನ್ನು 2001ರಲ್ಲಿ ಜೆನ್‌ಜೈಮ್ ಎಂಬ ದೊಡ್ಡ ಕಂಪನಿ ಕೊಂಡಿತು. ನೋವಾಜೈಮ್‌ನದೂ ಸೇರಿ ನಾಲ್ಕು ಕಿಣ್ವಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದಾಗ ಮುಂದೆ ಹೋದದ್ದು ಜೆನ್‌ಜೈಮ್‌ನದೇ ಕಿಣ್ವ. 2006ರಲ್ಲಿ ಮಾರುಕಟ್ಟೆಗೆ ಬಂದ ಮದ್ದು ಅದು. ನೀವು ನಿದ್ದೆಗೆಟ್ಟು ಮಾಡಿದ ಕಿಣ್ವ ಮೂಲೆಗೆ ಸರಿದು, ಬೇರೆಯವರದು ಮಗುವನ್ನು ಬದುಕಿಸಿದರೆ ನಿಮಗೆ ಸಂತೋಷವಾಗುತ್ತದೆಯೇ? ನನಗೆ ಆಗುತ್ತದೆ ಎಂದು ಹೇಳಲು ನಾಲ್ಕೈದು ವರ್ಷ ಬೇಕಾಯಿತು. ‘ಕೈ ಕೆಸರಾದರೆ ಬಾಯಿ ಮೊಸರು’ ಎನ್ನುತ್ತಾರೆ. ಇಲ್ಲಿ ಕೆಸರು ಖಂಡಿತ, ಮೊಸರು ಮಾತ್ರ ಯಾರ ಬಾಯಿಗೋ.

ಮೊದಲಿನ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕಿದರೆ ಹೋಗಿ. ಸಹಿ ಹಾಕುವ ಮುನ್ನ, ಅಲ್ಲಿ ಪೋಷಕರ ಫೋನು ಎತ್ತುವವರ ಪಕ್ಕ ಒಂದು ದಿನ ಕುಳಿತುಕೊಳ್ಳಿ.

ಪ್ರಶ್ನೆ: ಕೆಲವೇ ನೂರು ರೋಗಿಗಳಿಗೆ ಔಷಧ ಮಾಡಿ ಯಾರಿಗೆ ಲಾಭ?
– ಲೆಕ್ಕದ ಮೇಷ್ಟ್ರು

ಉತ್ತರ: ಮೇಷ್ಟ್ರೇ, ಲೆಕ್ಕ ಕೂಡಲಿ ಎಂದೇ ಅಮೆರಿಕ 1983ರಲ್ಲಿ ಕಾನೂನು ಮಾಡಿತು. ಅಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗಿರುವ ಕಾಯಿಲೆಗೆ ಮದ್ದು ತಂದವರಿಗೆ, ಆ ಕಾಯಿಲೆಯ ಮಟ್ಟಿಗೆ ಅದೇ ಮದ್ದನ್ನು ಏಳು ವರ್ಷ ಬೇರೆಯವರು ಮಾರುವಂತಿಲ್ಲ, ತೆರಿಗೆಯಲ್ಲೂ ರಿಯಾಯಿತಿ. ಯುರೋಪಿನಲ್ಲಿ ಹತ್ತು ವರ್ಷ. ಮಿಕ್ಕದ್ದನ್ನು ಬೆಲೆಯಲ್ಲಿ ತುಂಬಿಸಿಕೊಳ್ಳುತ್ತಾರೆ. ಆ ಬೆಲೆ ನೋಡಿ ನನಗೂ ಸಿಟ್ಟು ಬರುತ್ತದೆ, ನನ್ನ ಆರು ವರ್ಷದ ಸಂಬಳವೂ ಅಂಥದೇ ನಿರೀಕ್ಷೆಯ ಮೇಲೆ ಬಂದಿತ್ತು.