‘ನಾನು ಮಾತ್ರ ಇಲ್ಲೇ ಉಳಿದೆ’

ಅವರು ಹೊಸನಗರ ಕಡೆಯ ಅಡಿಕೆ ಬೆಳೆಗಾರರು. ವಯಸ್ಸು 56. ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 1985ರಲ್ಲಿ, ಫಸ್ಟ್ ಕ್ಲಾಸಿನಲ್ಲಿ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಶಿವಮೊಗ್ಗಕ್ಕೆ, ನನ್ನ ಬಳಿ ಆಪ್ತಸಮಾಲೋಚನೆಗೆ ಅವರನ್ನು ಕರೆತಂದದ್ದು ಹೆಂಡತಿ. "ಇವ್ರು ಈ ಸಲ ಮದ್ದು ಹೊಡೆಸೋಕೇ ಮನಸ್ಸು ಮಾಡಿಲ್ಲ" ಎಂದರು. ಮಲೆನಾಡಿನವರಿಗೆ ಈ ಮಾತಿನ ತೂಕ ಗೊತ್ತು. ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಇಷ್ಟು ವರ್ಷ ಅದನ್ನು ತಪ್ಪಿಸದ ಮನುಷ್ಯ ಸುಮ್ನೆ ಜಗುಲಿಯಲ್ಲಿ ಕೂತಿದ್ದರೆ ಅದು ಸೋಮಾರಿತನ ಅಲ್ಲ.

ಮೇ ತಿಂಗಳಲ್ಲಿ ಅವರ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದರು. ಊರಲ್ಲೇ ಇರುವವರು ಅಂತ ಶಾಮಿಯಾನ, ಅಡುಗೆ, ಮೇಷ್ಟ್ರುಗಳನ್ನು ಕರೆತರುವುದು ಎಲ್ಲ ಇವರ ತಲೆಗೇ ಬಂತು. ಒಬ್ಬೊಬ್ಬರೂ ಮೈಕ್ ಹಿಡಿದು ತಾವು ಏನಾದೆವು ಅಂತ ಹೇಳಿದರು. ಇವರು ತಮ್ಮ ಸರದಿ ಬರುವ ಹೊತ್ತಿಗೆ ಊಟದ ಎಲೆ ಹಾಕಿಸುವ ನೆಪ ಹೇಳಿ ಹೊರಗೆ ಹೋದರು. ಹೊರಡುವಾಗ ಗೆಳೆಯನೊಬ್ಬ ಹೆಗಲು ತಟ್ಟಿ, "ನೀನೇ ಪುಣ್ಯವಂತ ಮಾರಾಯ, ಊರಲ್ಲೇ ಆರಾಮಾಗಿದ್ದೀಯ" ಅಂದ. ಅವತ್ತಿನಿಂದ ರಾತ್ರಿ ಎರಡಕ್ಕೇ ಎಚ್ಚರ.

(ಇಂಥ ಕಾರ್ಯಕ್ರಮ ಮಾಡುವವರಲ್ಲಿ ಒಂದು ಕೋರಿಕೆ. ಏನಾಗಿದ್ದೀರಿ ಅಂತ ಎಲ್ಲರಿಗೂ ಮೈಕ್ ಕೊಡಬೇಡಿ. ಶಾಲೆಯ ಒಂದು ನೆನಪು ಹೇಳಿ ಅನ್ನಿ, ಸಾಕು.)

ನಿದ್ದೆ, ಹಸಿವು, ಆಸಕ್ತಿಯ ಬಗ್ಗೆ ಮೊದಲು ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಅವರಿಗೆ ಸಾಯುವ ಯೋಚನೆ ಇರಲಿಲ್ಲ. ಆದರೂ ಲಕ್ಷಣಗಳು ಎರಡು ವಾರ ದಾಟಿದ್ದವು. ಹಾಗಾಗಿ ಮನೋವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್, ಸಕ್ಕರೆ ಪರೀಕ್ಷೆಯೂ ಆಗಲಿ ಎಂದೆ. ಹೆಂಡತಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯವರಿಗೆ ಹೇಳಿದ್ದು ಒಂದೇ. "ನಿಮಗೇನು ಕಮ್ಮಿ ಆಗಿದೆ?" ಅನ್ನುವುದನ್ನು ನಿಲ್ಲಿಸಿ. ಎಸ್‌ಎಸ್‌ಎಲ್‌ಸಿ ಆದಮೇಲೆ ಮುಂದೆ ಓದಲು ಆಗಲಿಲ್ಲ ಎಂಬುದು ಅವರಿಗೆ ನಿಜವಾದ ನಷ್ಟ. ತೋಟ, ಮನೆ, ಮಕ್ಕಳನ್ನು ಎದುರಿಗಿಟ್ಟು ಅದನ್ನು ಅಳಿಸಲು ಹೋದರೆ ಅವರು ಇನ್ನೂ ಒಂಟಿಯಾಗುತ್ತಾರೆ.

ವಯಸ್ಸಾದಂತೆ ಮನಸ್ಸು ಹಿಂದಕ್ಕೆ ಹೋಗುವುದು ಸಹಜ, ಅದೇ ಒಂದು ಕಾಯಿಲೆ ಅಲ್ಲ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಹಾಗಾಗಿ ಮರೆತುಬಿಡಿ ಅನ್ನಲಿಲ್ಲ, ಬರೆಯಿರಿ ಎಂದೆ. 1985ರ ಜೂನ್‌ನಲ್ಲಿ ಮನೆಯಲ್ಲಿ ಏನೇನು ನಡೆಯಿತು, ಯಾರು ಏನು ಹೇಳಿದರು, ಅಷ್ಟು ಮಾತ್ರ.

ಅಲ್ಲಿಯವರೆಗೆ ಅವರ ಮಾತು "ಅಪ್ಪಯ್ಯ ಓದಿಸಲಿಲ್ಲ" ಅಂತಲೇ ಇತ್ತು. ನೋಟ್‌ಬುಕ್ಕಿನಲ್ಲಿ ಬಂದದ್ದು ಬೇರೆ. ಅಪ್ಪಯ್ಯ ಶಿವಮೊಗ್ಗದಲ್ಲಿ ರೂಮು ನೋಡಿಕೊಂಡು ಬಂದಿದ್ದರು. ಅಮ್ಮ ಹಾಸಿಗೆ ಹಿಡಿದಿದ್ದರು. ಇಬ್ಬರು ತಂಗಿಯರು ಚಿಕ್ಕವರು. "ಮುಂದಿನ ವರ್ಷ ಹೋಗ್ತೇನೆ" ಎಂದು ಹೇಳಿದ್ದು ಇವರೇ. ಮುಂದಿನ ವರ್ಷ ಯಾರೂ ಆ ಮಾತು ಎತ್ತಲಿಲ್ಲ. ಓದುತ್ತಾ ಓದುತ್ತಾ ಅವರಿಗೆ ಅಳು ಬಂತು.

ಇಲ್ಲಿ ನಾನು ಒತ್ತಿ ಹೇಳಿದ್ದು ಇಷ್ಟು. ಆ ಹುಡುಗ ಇಡೀ ಬದುಕಿನ ತೀರ್ಮಾನ ಮಾಡಲಿಲ್ಲ, ಒಂದು ವರ್ಷದ ಮಟ್ಟಿಗೆ ಮಾಡಿದ. ಅವನಿಗೆ ಅಮ್ಮನ ಕಾಯಿಲೆ ಕಾಣುತ್ತಿತ್ತು, ಈ ನಲವತ್ತು ವರ್ಷ ಕಾಣುತ್ತಿರಲಿಲ್ಲ. ಇವತ್ತು ನಿಮಗೆ ಗೊತ್ತಿರುವುದನ್ನು ಇಟ್ಟುಕೊಂಡು ಅವನನ್ನು ಅಳೆಯಬೇಡಿ.

ಇನ್ನೊಂದು ಸಂಗತಿಯನ್ನೂ ವಿವರಿಸಿದೆ. ಗಿಲೋವಿಚ್ ಮತ್ತು ಮೆಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಪಶ್ಚಾತ್ತಾಪದ ಬಗ್ಗೆ ಬರೆದಿದ್ದರು. ಮಾಡಿದ್ದರ ಬಗ್ಗೆ ಬೇಸರ ಆಗಷ್ಟೇ ಜೋರಾಗಿರುತ್ತದೆ, ವರ್ಷಗಳು ಕಳೆದಂತೆ ಮಾಡದೇ ಬಿಟ್ಟದ್ದೇ ಜಾಸ್ತಿ ಕಾಡುತ್ತದೆ ಎಂದು. ಹೋಗದ ದಾರಿಯಲ್ಲಿ ನಾವು ಫೇಲಾಗುವುದೇ ಇಲ್ಲ, ಅಲ್ವಾ? ಅದಕ್ಕೇ ಒಬ್ಬ ಹಳೆಯ ಗೆಳೆಯನಿಗೆ ಫೋನ್ ಮಾಡಿ, ಊರು ಬಿಟ್ಟು ಓದಲು ಹೋದ ಮೊದಲ ಎರಡು ವರ್ಷ ಹೇಗಿತ್ತು ಅಂತ ಕೇಳಿ ಎಂದೆ. ಅವರ ಕಷ್ಟ ಕೇಳಿ ಸಮಾಧಾನ ಪಡಲು ಅಲ್ಲ, ಆ ದಾರಿ ನಿಜವಾಗಿ ಹೇಗಿತ್ತು ಅಂತ ತಿಳಿಯಲು. ಇವರು ಹೆಗಲು ತಟ್ಟಿದವನಿಗೇ ಮಾಡಿದರು. ಅವನು ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾಗಿ, ಡಿಪ್ಲೊಮಾ ಮೂಲಕ ಎಂಜಿನಿಯರ್ ಆದವನು. ವೇದಿಕೆ ಮೇಲೆ ಅದನ್ನು ಹೇಳಿರಲಿಲ್ಲ. ಇಬ್ಬರೂ ಬಹಳ ಹೊತ್ತು ಮಾತಾಡಿದರಂತೆ.

ಈಗ ಖಾಸಗಿಯಾಗಿ ಪಿಯುಸಿ ಕಟ್ಟಲೇ ಎಂದು ಕೇಳಿದರು. ನಿದ್ದೆ ಸರಿಹೋಗುವವರೆಗೆ ಯಾವ ದೊಡ್ಡ ತೀರ್ಮಾನವೂ ಬೇಡ, ಅಲ್ಲಿಯವರೆಗೆ ದಿನಾ ಬೆಳಿಗ್ಗೆ ತೋಟಕ್ಕೊಂದು ಸುತ್ತು ಹೋಗಿ ಬನ್ನಿ ಎಂದೆ. ಮದ್ದು ತಡವಾಗಿಯಾದರೂ ಹೊಡೆಸಿದರು. ಒಂದಷ್ಟು ಕಾಯಿ ಕೊಳೆತು ಉದುರಿತು, ಉಳಿದದ್ದು ಉಳಿಯಿತು. ನಿದ್ದೆ ಈಗ ನಾಲ್ಕರವರೆಗೆ ಬರುತ್ತಿದೆ. ಓದಲಾಗಲಿಲ್ಲ ಎಂಬ ನೋವು ಹೋಗಿಲ್ಲ, ಹೋಗುತ್ತದೆ ಎಂದು ನಾನೂ ಮಾತು ಕೊಟ್ಟಿಲ್ಲ.

ಮುಂದಿನ ಭೇಟಿಗೆ ಹೆಂಡತಿಯೂ ಒಳಗೆ ಕೂರುತ್ತಾರೆ. ಆಕೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. "ಅವಳನ್ನ ಇದರ ಬಗ್ಗೆ ಒಂದು ದಿನಾನೂ ಕೇಳಿಲ್ಲ" ಎಂದು ಇವರೇ ಹೇಳಿ, ಆ ದಿನ ಗೊತ್ತು ಮಾಡಿಕೊಂಡು ಹೋದರು.