ಮೊಬೈಲ್‌ನ ಆರ್ಮ್ ಪ್ರೊಸೆಸರ್‌ಗಳು ಡೇಟಾ ಸೆಂಟರ್‌ಗೆ ಬಂದದ್ದು ಹೇಗೆ?

ಮುಖ್ಯ ಕಾರಣ ಕರೆಂಟು. ಬ್ಯಾಟರಿಯಲ್ಲಿ ಓಡುವ ಮೊಬೈಲ್‌ಗೆ ಹೊಂದುವ ಆರ್ಮ್ ಚಿಪ್‌ಗಳು ಕಡಿಮೆ ಕರೆಂಟಿನಲ್ಲೇ ಕೆಲಸ ಮಾಡುತ್ತವೆ. ಡೇಟಾ ಸೆಂಟರ್‌ನಲ್ಲಿರುವ ಕಂಪ್ಯೂಟರ್, ಅಂದರೆ ಸರ್ವರ್, ಬಳಸುವ ಕರೆಂಟೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತೆ ಕರೆಂಟು ಬೇಕು, ಅಲ್ವಾ? ಹಾಗಾಗಿ ಚಿಪ್‌ನಲ್ಲಿ ಉಳಿಸಿದ್ದು ಕೂಲಿಂಗ್‌ನಲ್ಲೂ ಉಳಿಯುತ್ತದೆ.

ಮೊದಲ ಪ್ರಯತ್ನ ಮಾತ್ರ ಕೈಗೂಡಲಿಲ್ಲ. ಕ್ಯಾಲ್ಕ್ಸೆಡಾ ಎಂಬ ಕಂಪನಿ 2011ರಲ್ಲಿ ಆರ್ಮ್ ಸರ್ವರ್ ಚಿಪ್ ಪ್ರಕಟಿಸಿತು. ಅದು 32 ಬಿಟ್‌ನದು, ಹಾಗಾಗಿ ಚಿಪ್ ಒಂದಕ್ಕೆ 4 ಜಿಬಿ ಮೆಮೊರಿ ಅಷ್ಟೇ. ದೊಡ್ಡ ಡೇಟಾಬೇಸ್‌ಗೆ ಅದು ಎಲ್ಲಿ ಸಾಕಾಗುತ್ತದೆ? 2013ರ ಕೊನೆಗೆ ಕಂಪನಿ ಬಾಗಿಲು ಹಾಕಿತು. ನನ್ನ ಪ್ರಕಾರ ಅವರ ಯೋಚನೆ ಸರಿಯಿತ್ತು, ಕಾಲ ಕೂಡಿ ಬಂದಿರಲಿಲ್ಲ.

ಆಮೇಲೆ ಹೆಚ್ಚು ಮೆಮೊರಿ ಬಳಸಬಲ್ಲ 64 ಬಿಟ್ ಆರ್ಮ್ ಚಿಪ್‌ಗಳು ಬಂದವು, ಲಿನಕ್ಸ್ ಸಾಫ್ಟ್‌ವೇರ್ ಕೂಡ ಹದಕ್ಕೆ ಬಂತು. ದೊಡ್ಡ ತಿರುವು ಅಮೆಜಾನ್ 2018ರಲ್ಲಿ ತಂದ ಗ್ರಾವಿಟಾನ್ ಎಂಬ ತನ್ನದೇ ಆರ್ಮ್ ಚಿಪ್. ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗೆ ತನ್ನ ಸರ್ವರ್‌ಗಳ ಮೇಲೆ ಎಂಥ ಕೆಲಸ ಬೀಳುತ್ತದೆ ಅಂತ ಚೆನ್ನಾಗಿ ಗೊತ್ತು. ಅದಕ್ಕೆ ತಕ್ಕ ಚಿಪ್ ತಾನೇ ರೂಪಿಸಿಕೊಂಡರೆ ಖರ್ಚೂ ಕಡಿಮೆ. ಮೈಕ್ರೋಸಾಫ್ಟ್‌ನ ಕೋಬಾಲ್ಟ್, ಗೂಗಲ್‌ನ ಆಕ್ಸಿಯಾನ್ ಬಂದದ್ದೂ ಇದೇ ದಾರಿಯಲ್ಲಿ.

ಒಂದು ವಿಷಯ ನೆನಪಿಡಿ. ಸರ್ವರ್‌ನ ಆರ್ಮ್ ಚಿಪ್ ಮೊಬೈಲ್ ಚಿಪ್‌ನಷ್ಟೇ ಕಡಿಮೆ ಕರೆಂಟು ಬಳಸುವುದಿಲ್ಲ. 80 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಆಂಪಿಯರ್ ಆಲ್ಟ್ರಾ ಎಂಬ ಆರ್ಮ್ ಸರ್ವರ್ ಚಿಪ್ 250 ವ್ಯಾಟ್‌ವರೆಗೂ ಬಳಸುತ್ತದೆ. ಇಲ್ಲಿ ನೋಡಬೇಕಾದ್ದು ಒಂದು ವ್ಯಾಟ್‌ಗೆ ಎಷ್ಟು ಕೆಲಸ ಆಗುತ್ತದೆ ಅನ್ನುವುದನ್ನು.

ನೀವು ಇಂಟೆಲ್ ಸರ್ವರ್‌ನಿಂದ ಆರ್ಮ್‌ಗೆ ಬದಲಾಯಿಸುವುದಾದರೆ, ಪೈಥಾನ್, ಜಾವಾ ಕೋಡ್ ಸಾಮಾನ್ಯವಾಗಿ ಹಾಗೇ ಓಡುತ್ತದೆ. ಸಿ ಪ್ರೋಗ್ರಾಂಗಳನ್ನು ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಹೊಸ ಚಿಪ್‌ನ ಭಾಷೆಗೆ ತಿರುಗಿಸಬೇಕು. ಇಂಟೆಲ್‌ಗೆ ಕಟ್ಟಿದ ಕಂಟೇನರ್ ಇಮೇಜನ್ನು (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಸೇರಿಸಿದ ಕಟ್ಟನ್ನು) ಸುಮ್ನೆ ತಂದು ಹಾಕಿದರೆ, ಈ ಚಿಪ್‌ನಲ್ಲಿ ಓಡದು ಎನ್ನುವ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುತ್ತದೆ. ಎರಡೂ ಬಗೆಯ ಚಿಪ್‌ಗೆ ಇಮೇಜ್ ಕಟ್ಟಿಟ್ಟುಕೊಳ್ಳಿ.