ನಾಯಕರ ಬಗ್ಗೆ ಬರೆದಿದ್ದೀರಿ, ಜನ ಎಲ್ಲಿ?

ಪ್ರಿಯರೆ,

ನೀವು ಕಳಿಸಿದ ‘ಜಗತ್ತನ್ನು ಬದಲಿಸಿದ ಏಳು ನಾಯಕರು’ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಲು ಮನಸ್ಸು ಬರಲಿಲ್ಲ. ನೀವು ಓದಿಕೊಂಡಿದ್ದೀರಿ, ನಿಮ್ಮ ವಾಕ್ಯಗಳು ಎಡವುವುದಿಲ್ಲ, ವಿಷಯದ ಮೇಲೆ ಪ್ರೀತಿ ಇದೆ. ತಪ್ಪಿರುವುದು ನೀವು ನಿಂತು ನೋಡುತ್ತಿರುವ ಜಾಗ. ಅಲ್ಲಿಂದ ಸ್ವಲ್ಪ ಸರಿದು ನಿಂತರೆ ಲೇಖನವೇ ಬೇರೆಯಾದೀತು ಅನ್ನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಬರಹದಲ್ಲಿ ಮಂಡೇಲಾ ‘ಅಚಲ ಮನೋಬಲದ, ದೂರದೃಷ್ಟಿಯ, ಜನಮನ ಗೆದ್ದ ಧೀಮಂತ’. ಲಿಂಕನ್ ‘ದೂರದೃಷ್ಟಿಯುಳ್ಳ, ಅಚಲ ಸಂಕಲ್ಪದ, ಜನಾನುರಾಗಿ ಮುತ್ಸದ್ದಿ’. ಎರಡು ಪ್ಯಾರಾಗಳ ಹೆಸರುಗಳನ್ನು ಅದಲುಬದಲು ಮಾಡಿ ಓದಿದೆ. ಏನೂ ಕೆಡಲಿಲ್ಲ. ಒಬ್ಬರಿಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಹೀಗೆ ಸಲೀಸಾಗಿ ಕೂತರೆ ಇಬ್ಬರ ಅಳತೆಯನ್ನೂ ತೆಗೆದಿಲ್ಲ ಎಂದೇ ಅರ್ಥ. ಇಬ್ಬರು ಬದುಕಿದ ಕಾಲ ಬೇರೆ, ಎದುರಿಗಿದ್ದ ಜನ ಬೇರೆ, ಬಿಡಿಸಬೇಕಾಗಿದ್ದ ಗಂಟು ಬೇರೆ. ಆ ವ್ಯತ್ಯಾಸವನ್ನೆಲ್ಲ ನಿಮ್ಮ ಗುಣವಾಚಕಗಳು ನುಂಗಿಹಾಕಿವೆ.

‘ವರ್ಚಸ್ಸು’ ಎಂಬ ಪದವನ್ನು ಪುಟಪುಟದಲ್ಲೂ ಬಳಸಿದ್ದೀರಿ, ಹುಟ್ಟಿನಿಂದಲೇ ಕೆಲವರಿಗೆ ಬಂದ ಸೊತ್ತು ಎಂಬಂತೆ. ವರ್ಚಸ್ಸನ್ನು ರಾಜಕೀಯ ಚಿಂತನೆಯ ಚರ್ಚೆಗೆ ತಂದ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅದನ್ನು ಹಾಗೆ ನೋಡಲಿಲ್ಲ. ಜನ ಒಪ್ಪಿಕೊಂಡಿರುವಷ್ಟು ದಿನ ಮಾತ್ರ ಅದಕ್ಕೆ ಬಲ, ನಾಯಕ ಅದನ್ನು ಮತ್ತೆ ಮತ್ತೆ ಸಾಬೀತು ಮಾಡುತ್ತಲೇ ಇರಬೇಕು ಎಂದವರು ಅವರು. ಅಂದರೆ ವರ್ಚಸ್ಸನ್ನು ಹುಡುಕಬೇಕಾದದ್ದು ವೇದಿಕೆಯ ಮೇಲಲ್ಲ, ಎದುರಿಗೆ ಕೂತವರ ಮುಖದಲ್ಲಿ. ನಿಮ್ಮ ಹನ್ನೊಂದು ಪುಟಗಳಲ್ಲಿ ಎದುರಿಗೆ ಕೂತವರು ಎಲ್ಲೂ ಕಾಣಲಿಲ್ಲ. ನನ್ನ ಮುಖ್ಯ ತಕರಾರು ಇದೇ.

ನಾಲ್ಕನೆಯ ಪುಟದ ಒಂದು ವಾಕ್ಯ ಹಿಡಿದುಕೊಂಡು ಹೇಳುತ್ತೇನೆ. ‘ಮಾರ್ಟಿನ್ ಲೂಥರ್ ಕಿಂಗ್ ಅವರ ಒಂದೇ ಕರೆಗೆ ಮಾಂಟ್‌ಗೊಮರಿಯ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು’ ಎಂದು ಬರೆದಿದ್ದೀರಿ. ನಡೆದದ್ದು ಇದಕ್ಕೆ ತಿರುವುಮುರುವು. 1955ರ ಡಿಸೆಂಬರ್ 1ರ ಸಂಜೆ, ಅಮೆರಿಕದ ದಕ್ಷಿಣದ ಆ ಊರಿನಲ್ಲಿ, ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಅದೇ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಕಾಲೇಜಿನ ಯಂತ್ರದಲ್ಲೇ ಹತ್ತಾರು ಸಾವಿರ ಕರಪತ್ರ ತೆಗೆದರು. ಸೋಮವಾರ ಬಸ್ ಹತ್ತಬೇಡಿ ಎಂಬ ಕರೆ ಮನೆಮನೆಗೆ ಹೋದದ್ದು ಆ ಕಾಗದದ ಮೇಲೆ. ರಾಬಿನ್ಸನ್ ಅವರ ಮಹಿಳಾ ಸಂಘಟನೆ ಅದಕ್ಕೂ ಹಿಂದಿನ ವರ್ಷದ ಮೇ ತಿಂಗಳಲ್ಲೇ ಬಹಿಷ್ಕಾರದ ಎಚ್ಚರಿಕೆ ಕೊಟ್ಟು ಮೇಯರ್‌ಗೆ ಪತ್ರ ಬರೆದಿತ್ತು. ಡಿಸೆಂಬರ್ 5ರ ಬೆಳಗ್ಗೆ ಬಸ್ಸುಗಳು ಬಹುತೇಕ ಖಾಲಿ ಓಡಿದವು. ಕಿಂಗ್ ಚಳವಳಿಯ ಅಧ್ಯಕ್ಷರಾಗಿ ಆಯ್ಕೆಯಾದದ್ದು ಅದಾದ ಮೇಲೆ, ಅದೇ ದಿನ ಮಧ್ಯಾಹ್ನ. ಅವರಿಗೆ ಆಗ 26 ವರ್ಷ. ಊರಿಗೆ ಹೊಸಬರು.

ಹಾಗಾದರೆ ಕಿಂಗ್ ಮಾಡಿದ್ದಾದರೂ ಏನು? ನಿಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಇದು. ಒಂದು ದಿನಕ್ಕೆಂದು ಶುರುವಾದ ಬಹಿಷ್ಕಾರವನ್ನು ಮುಂದುವರಿಸಬೇಕೇ ಎಂದು ತೀರ್ಮಾನಿಸಲು ಆ ಸಂಜೆ ಚರ್ಚಿನಲ್ಲಿ ಸಾವಿರಾರು ಜನ ಸೇರಿದ್ದರು. ಭಾಷಣ ಸಿದ್ಧಮಾಡಿಕೊಳ್ಳಲು ಕಿಂಗ್‌ಗೆ ಸರಿಯಾಗಿ ಸಮಯವೂ ಸಿಕ್ಕಿರಲಿಲ್ಲ. ನಾವು ತಪ್ಪು ಅನ್ನುವುದಾದರೆ ಈ ದೇಶದ ಸುಪ್ರೀಂ ಕೋರ್ಟ್ ತಪ್ಪು, ನಾವು ತಪ್ಪಾದರೆ ಸಂವಿಧಾನ ತಪ್ಪು, ದೇವರೇ ತಪ್ಪು ಎಂದರು. ಎದುರಿಗಿದ್ದವರಿಗೆ ಬಸ್ಸಿನಲ್ಲಿ ಆಗುವ ಅವಮಾನವನ್ನು ಹೊಸದಾಗಿ ವಿವರಿಸಿ ಹೇಳಬೇಕಾಗಿರಲಿಲ್ಲ. ಅದು ಅವರಿಗೆ ದಿನಬೆಳಗಾದರೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ತಮ್ಮ ಸಿಟ್ಟಿಗೆ ಎಂಥ ಘನತೆ ಇದೆ ಎಂಬುದು. ಎಲ್ಲಿಯೋ ಒಂದು ಸೀಟಿನ ಜಗಳವಾಗಿದ್ದದ್ದು ಆ ಸಂಜೆ ಪೌರತ್ವದ ಪ್ರಶ್ನೆಯಾಗಿ ನಿಂತಿತು. ಆಮೇಲೆ ಅದೇ ಜನ 381 ದಿನ ನಡೆದರು, ಕಾರುಗಳನ್ನು ಹಂಚಿಕೊಂಡರು, ಕೆಲಸ ಕಳೆದುಕೊಳ್ಳುವ ಭಯವನ್ನು ಹೊತ್ತುಕೊಂಡೇ ಓಡಾಡಿದರು. ಕೊನೆಗೆ ಬಸ್ಸಿನ ಭೇದಭಾವವನ್ನು ಕೋರ್ಟಿನಲ್ಲಿ ಬೀಳಿಸಿದ್ದು ನಾಲ್ವರು ಮಹಿಳೆಯರು ಹೂಡಿದ್ದ ಮೊಕದ್ದಮೆ. ಅವರಲ್ಲಿ ಒಬ್ಬಳಾದ ಕ್ಲಾಡೆಟ್ ಕಾಲ್ವಿನ್, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನಕ್ಕೊಳಗಾದ 15 ವರ್ಷದ ಹುಡುಗಿ.

ಇದನ್ನೆಲ್ಲ ಬರೆದರೆ ಕಿಂಗ್ ಸಣ್ಣವರಾಗುತ್ತಾರೆ ಎಂಬ ಅಳುಕು ನಿಮಗಿದ್ದೀತು. ನನ್ನ ಅನುಭವದಲ್ಲಿ ಹೊಸ ಬರಹಗಾರರಲ್ಲಿ ಹೆಚ್ಚಿನವರಿಗೆ ಇದು ಇರುತ್ತದೆ. ದಯವಿಟ್ಟು ಅದನ್ನು ಬಿಡಿ. ಸುತ್ತಲಿನವರನ್ನು ಅಳಿಸಿ ಒಬ್ಬರನ್ನೇ ಉಳಿಸಿದಾಗ ಆ ಒಬ್ಬರು ಏನು ಮಾಡಿದರು ಎಂಬುದೇ ಕಾಣದೆ ಹೋಗುತ್ತದೆ.

ಇನ್ನು ಸಿದ್ಧಾಂತದ ಭಾಗ. ಇಲ್ಲಿ ಒಂದು ತಪ್ಪನ್ನು ತಿದ್ದಲೇಬೇಕು. ಆದರ್ಶವಾಗಿ ನಿಂತು ಪ್ರಭಾವ ಬೀರುವುದು, ಸ್ಫೂರ್ತಿ ತುಂಬುವುದು, ಯೋಚನೆಗೆ ಹಚ್ಚುವುದು, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಗಮನಿಸುವುದು ಎಂಬ ನಾಲ್ಕು ಅಂಶಗಳನ್ನು ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಹೆಸರಿಗೆ ಬರೆದಿದ್ದೀರಿ. ಅವು ಬರ್ನ್ಸ್ ಅವರದ್ದಲ್ಲ. ಬರ್ನ್ಸ್ ಇತಿಹಾಸ ಮತ್ತು ರಾಜಕೀಯದ ವಿದ್ವಾಂಸರು, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಜೀವನಚರಿತ್ರೆ ಬರೆದವರು. 1978ರಲ್ಲಿ ಅವರು ಹೇಳಿದ ಮುಖ್ಯ ಮಾತು ಇಷ್ಟು: ನಾಯಕ ಮತ್ತು ಅನುಯಾಯಿ ಒಬ್ಬರನ್ನೊಬ್ಬರು ಹೆಚ್ಚಿನ ಪ್ರೇರಣೆಗೆ, ಹೆಚ್ಚಿನ ನೈತಿಕತೆಗೆ ಏರಿಸಿದಾಗ ಅದು ಪರಿವರ್ತನಾ ನಾಯಕತ್ವ. ‘ಒಬ್ಬರನ್ನೊಬ್ಬರು’ ಎಂಬುದನ್ನು ಗಮನಿಸಿ. ನಾಲ್ಕು ಅಂಶಗಳ ಚೌಕಟ್ಟು ಬಂದದ್ದು ಬರ್ನಾರ್ಡ್ ಬಾಸ್ ಎಂಬ ಮನಶ್ಶಾಸ್ತ್ರಜ್ಞರ 1985ರ ನಂತರದ ಕೆಲಸದಿಂದ. ಅವರ ಕಣ್ಣ ಮುಂದೆ ಇದ್ದದ್ದು ಹೆಚ್ಚಾಗಿ ಕಂಪನಿ, ಸೇನೆಯಂಥ ಸಂಸ್ಥೆಗಳು. ಹತ್ತು ಜನರ ತಂಡದ ಮುಖ್ಯಸ್ಥ ಒಬ್ಬೊಬ್ಬರನ್ನೂ ಗಮನಿಸಬಲ್ಲ. ಕೋಟಿ ಜನರ ನಾಯಕ ಹೇಗೆ ಗಮನಿಸುತ್ತಾನೆ? ಈ ಕಷ್ಟ ನಿಮ್ಮ ಲೇಖನಕ್ಕೆ ತಟ್ಟಿಯೇ ಇಲ್ಲ. ತಟ್ಟಿದ್ದರೆ ರೂಸ್‌ವೆಲ್ಟ್ ಭಾಗ ಎಷ್ಟು ಚೆನ್ನಾಗಿರುತ್ತಿತ್ತು!

ಅವರ ಬಗ್ಗೆ ‘ಅಮೋಘ ವಾಗ್ಮಿ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. 1933ರ ಮಾರ್ಚ್ 12ರ ಭಾನುವಾರ ರಾತ್ರಿ ಅವರು ರೇಡಿಯೋದಲ್ಲಿ ಮಾತಾಡಿದರು. ಬ್ಯಾಂಕುಗಳು ಬಾಗಿಲು ಮುಚ್ಚಿದ್ದವು, ಜನ ಹಣ ತೆಗೆದು ಮನೆಯಲ್ಲಿಟ್ಟುಕೊಂಡಿದ್ದರು. ರೂಸ್‌ವೆಲ್ಟ್ ಗುಡುಗಲಿಲ್ಲ. ನೀವು ಬ್ಯಾಂಕಿನಲ್ಲಿಟ್ಟ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಹಾಗೇ ಇಟ್ಟುಕೊಂಡಿರುವುದಿಲ್ಲ, ಸಾಲವಾಗಿ ಕೊಟ್ಟಿರುತ್ತದೆ, ಎಲ್ಲರೂ ಒಂದೇ ದಿನ ಕೇಳಿದರೆ ಯಾವ ಬ್ಯಾಂಕೂ ಕೊಡಲಾರದು ಎಂದು ಸಾವಧಾನವಾಗಿ ಬಿಡಿಸಿ ಹೇಳಿದರು. ಕಾಲು ಗಂಟೆಯೂ ಆಗಿರಲಿಕ್ಕಿಲ್ಲ. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನ ಸಾಲುಗಟ್ಟಿದ್ದು ಹಣ ತೆಗೆಯಲಿಕ್ಕಲ್ಲ, ಕಟ್ಟಲಿಕ್ಕೆ. ಎರಡು ವಾರದೊಳಗೆ ಮನೆ ಸೇರಿದ್ದ ಹಣದ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೆ ಮರಳಿತು. ಆ ಮಾತಿನ ಬೆನ್ನಿಗೆ ಮೂರು ದಿನ ಮುಂಚೆಯಷ್ಟೇ ಪಾಸಾದ ಕಾನೂನೂ ಇತ್ತು, ಅದನ್ನು ಮರೆಯದೆ ಬರೆಯಿರಿ. ಆದರೂ ಆ ರಾತ್ರಿ ಕೇಳುಗನಿಗೆ ದೊರೆತದ್ದು ಒಂದು ಬಗೆಯ ಗೌರವ: ಇವನಿಗೆ ಹೇಳಿದರೆ ಅರ್ಥವಾಗುತ್ತದೆ ಎಂದು ಅಧ್ಯಕ್ಷರೊಬ್ಬರು ನಂಬಿದ್ದರು. ಒಬ್ಬೊಬ್ಬರನ್ನೂ ಗಮನಿಸುವುದು ಎಂದರೆ ಕೋಟಿ ಜನರ ಮಟ್ಟದಲ್ಲಿ ಬಹುಶಃ ಹೀಗಿರುತ್ತದೆ.

‘ನಿಜವಾದ ನಾಯಕ ಎಂದೂ ಕೊಡು-ಕೊಳ್ಳುವ ವ್ಯವಹಾರಕ್ಕೆ ಇಳಿಯುವುದಿಲ್ಲ’ ಎಂಬ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ನಿಮ್ಮದೇ ಪಟ್ಟಿಯ ಲಿಂಕನ್ ಇದನ್ನು ಸುಳ್ಳು ಮಾಡುತ್ತಾರೆ. ಗುಲಾಮಗಿರಿಯನ್ನು ಕೊನೆಗಾಣಿಸುವ ಸಂವಿಧಾನ ತಿದ್ದುಪಡಿ 1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಬಿದ್ದುಹೋಗಿತ್ತು. 1865ರ ಜನವರಿ 31ರಂದು 119ಕ್ಕೆ 56 ಮತಗಳಿಂದ ಗೆದ್ದಿತು. ಮೂರನೆಯ ಎರಡರಷ್ಟು ಬಹುಮತ ಬೇಕಾಗಿದ್ದರಿಂದ ಮೂರು ಮತ ಆಚೆಗೆ ಸರಿದಿದ್ದರೂ ಮತ್ತೆ ಸೋಲುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಲಿಂಕನ್ ಮತ್ತು ಅವರ ಕಡೆಯವರು ಎದುರು ಪಕ್ಷದ ಸದಸ್ಯರನ್ನು, ಅದರಲ್ಲೂ ಚುನಾವಣೆಯಲ್ಲಿ ಸೋತು ಮನೆಗೆ ಹೊರಟಿದ್ದವರನ್ನು, ಒಬ್ಬೊಬ್ಬರಾಗಿ ಒಲಿಸಿದರು. ಹುದ್ದೆಗಳ ಆಸೆಯೂ ಆ ಮಾತುಕತೆಯಲ್ಲಿತ್ತು. ಉನ್ನತ ಗುರಿ ಮತ್ತು ಮತಗಳ ಎಣಿಕೆ ಒಂದೇ ಮನುಷ್ಯನಲ್ಲಿ, ಒಂದೇ ಚಳಿಗಾಲದಲ್ಲಿ ಜತೆಗಿದ್ದವು. ಇದನ್ನು ಮುಚ್ಚಿಟ್ಟರೆ ಓದುಗನಿಗೆ ಸಿಗುವುದು ದೇವರಪಟ. ರಾಜಕೀಯದಲ್ಲಿ ಕೆಲಸ ಹೇಗೆ ಆಗುತ್ತದೆ ಎಂಬ ತಿಳಿವಳಿಕೆ ಸಿಗುವುದಿಲ್ಲ.

ಚರ್ಚಿಲ್ ಭಾಗ 1945ರ ಮೇ ತಿಂಗಳ ವಿಜಯಕ್ಕೆ ನಿಂತುಬಿಡುತ್ತದೆ. ಜುಲೈನಲ್ಲಿ ಅದೇ ಜನ ಅವರ ಪಕ್ಷವನ್ನು ಸೋಲಿಸಿ, ಮಾತು ಕಮ್ಮಿಯ, ಸಭೆಯಲ್ಲಿ ಕಣ್ಣಿಗೇ ಬೀಳದ ಕ್ಲೆಮೆಂಟ್ ಆಟ್ಲಿಯವರ ಲೇಬರ್ ಪಕ್ಷಕ್ಕೆ 393 ಸೀಟು ಕೊಟ್ಟರು. 1948ರ ಜುಲೈ 5ರಂದು ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆ ಶುರುವಾದದ್ದು ಆ ಸರ್ಕಾರದ ಕಾಲದಲ್ಲಿ. ಆಟ್ಲಿಯನ್ನು ಸೇರಿಸಲೇಬೇಕೆಂದು ಹೇಳುತ್ತಿಲ್ಲ. ಆದರೆ ವಾಗ್ಮಿತೆಯೇ ಪ್ರಭಾವ ಎಂಬ ನಿಮ್ಮ ವಾದ ಇವರ ಎದುರು ನಿಲ್ಲುತ್ತದೆಯೇ, ಯೋಚಿಸಿ.

ಮಂಡೇಲಾ ಬಗ್ಗೆ 27 ವರ್ಷದ ಸೆರೆವಾಸ, 1994ರ ಚುನಾವಣೆಯ ಗೆಲುವು, 1995ರ ರಗ್ಬಿ ವಿಶ್ವಕಪ್ಪಿನಲ್ಲಿ ತಂಡದ ಅಂಗಿ ತೊಟ್ಟದ್ದು ಬರೆದಿದ್ದೀರಿ. ಇವು ಎಲ್ಲರಿಗೂ ಗೊತ್ತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1993ರ ಏಪ್ರಿಲ್ 10ರ ನಂತರದ ಕೆಲವು ದಿನಗಳು. ಕಪ್ಪು ಯುವಕರ ಕಣ್ಮಣಿಯಾಗಿದ್ದ ಕ್ರಿಸ್ ಹಾನಿಯನ್ನು ಪೋಲೆಂಡ್‌ನಿಂದ ವಲಸೆ ಬಂದಿದ್ದ ಬಿಳಿಯನೊಬ್ಬ ಮನೆಯ ಮುಂದೆಯೇ ಗುಂಡಿಟ್ಟು ಕೊಂದ. ದೇಶ ಹೊತ್ತಿ ಉರಿಯುವುದೊಂದು ಬಾಕಿ. ಮಂಡೇಲಾ ಆಗ ಅಧ್ಯಕ್ಷರಲ್ಲ, ಯಾವ ಸರ್ಕಾರಿ ಹುದ್ದೆಯಲ್ಲೂ ಇರಲಿಲ್ಲ. ಆದರೂ ಟಿವಿಯಲ್ಲಿ ದೇಶವನ್ನು ಉದ್ದೇಶಿಸಿ ಮಾತಾಡಿದ್ದು ಅವರು. ದ್ವೇಷ ತುಂಬಿದ ಒಬ್ಬ ಬಿಳಿಯ ಈ ಕೃತ್ಯ ಎಸಗಿದ, ಆದರೆ ಕೊಲೆಗಾರ ಯಾರೆಂದು ನಮಗೆ ತಿಳಿಯಲೆಂದು ತನ್ನ ಜೀವವನ್ನೇ ಪಣಕ್ಕಿಟ್ಟವಳು ಆಫ್ರಿಕಾನರ್ (ದಕ್ಷಿಣ ಆಫ್ರಿಕಾದ ಡಚ್ ಮೂಲದ ಬಿಳಿಯರು) ಮೂಲದ ಒಬ್ಬ ಬಿಳಿಯ ಹೆಂಗಸು ಎಂದರು. ಆ ದುಃಖದಲ್ಲಿ ಆ ಎರಡನೆಯ ಮಾತನ್ನು ಆಡುವುದು, ಅದನ್ನು ಜನ ಕೇಳಿಸಿಕೊಳ್ಳುವುದು! ಹಿಂಸೆ ಪೂರ್ತಿ ತಪ್ಪಲಿಲ್ಲ, ಸಾವುಗಳಾದವು. ಆದರೆ ಎಲ್ಲರೂ ಹೆದರಿದ್ದ ಅಂತರ್ಯುದ್ಧ ಆಗಲಿಲ್ಲ, ಎರಡು ತಿಂಗಳೊಳಗೆ ಚುನಾವಣೆಯ ದಿನ ಗೊತ್ತಾಯಿತು. ಆಜ್ಞೆ ಮಾಡುವ ಅಧಿಕಾರವೇ ಇಲ್ಲದವನು ‘ತಡೆಯಿರಿ’ ಎಂದಾಗ ಲಕ್ಷಾಂತರ ಜನ ತಡೆದರಲ್ಲ, ಪ್ರಭಾವ ಎಂದರೇನು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಗೊತ್ತಿಲ್ಲ. ಕಿಂಗ್ ಬದುಕಿನಲ್ಲೂ ಇಂಥದ್ದೊಂದು ರಾತ್ರಿ ಇದೆ: 1956ರ ಜನವರಿ 30ರಂದು ಅವರ ಮನೆಗೆ ಬಾಂಬು ಬಿದ್ದಾಗ, ಆಯುಧ ಹಿಡಿದು ಸೇರಿದ್ದ ಜನರನ್ನು ಅದೇ ಮನೆಯ ಜಗಲಿಯಲ್ಲಿ ನಿಂತು ಸಮಾಧಾನ ಮಾಡಿ ಕಳಿಸಿದರು. ಗಾಂಧಿ ಭಾಗದಲ್ಲಿ ದಂಡಿ ಬಂದಿದೆ, ಜನ ಹಿಂಸೆಗಿಳಿದ ಚೌರಿಚೌರಾ ಬಂದಿಲ್ಲ. 1922ರ ಫೆಬ್ರುವರಿಯಲ್ಲಿ ಅವರು ಅಸಹಕಾರ ಚಳವಳಿಯನ್ನು ನಿಲ್ಲಿಸಿದಾಗ ಜೈಲಿನಲ್ಲಿದ್ದ ಜತೆಗಾರರೇ ಕುದಿದರು. ನಿಲ್ಲಿಸಿದ್ದು ಸರಿಯೇ ಎಂಬ ಬಗ್ಗೆ ಇವತ್ತಿಗೂ ವಾದವಿದೆ. ಆ ವಾದವನ್ನೂ ಬರಹದೊಳಕ್ಕೆ ಬಿಟ್ಟುಕೊಳ್ಳಿ.

ಕೊನೆಯದಾಗಿ, ನೀವು ಮುಟ್ಟದೆ ಬಿಟ್ಟ ಪ್ರಶ್ನೆ. ‘ಕೋಟ್ಯಂತರ ಜನರ ಮನಸ್ಸನ್ನು ಬದಲಿಸಿದವನೇ ಪರಿವರ್ತನಾ ನಾಯಕ’ ಎಂದು ಶುರುವಿನಲ್ಲೇ ವ್ಯಾಖ್ಯಾನ ಕೊಟ್ಟಿದ್ದೀರಿ. ಈ ಮಾತಿನ ಪ್ರಕಾರ ಹಿಟ್ಲರ್‌ಗೂ ಪಟ್ಟಿಯಲ್ಲಿ ಜಾಗ ಸಿಗುತ್ತದೆ. ಬರ್ನ್ಸ್ ಅವನನ್ನು ನಾಯಕ ಎಂದೇ ಒಪ್ಪಲಿಲ್ಲ, ಅಧಿಕಾರ ಚಲಾಯಿಸಿದ ನಿರಂಕುಶ ಎಂದರು. ಬಾಸ್ ಮೊದಲು ಅಂಥವರಿಗೂ ಬಾಗಿಲು ತೆರೆದಿಟ್ಟಿದ್ದರು. ಆಮೇಲೆ ಮನಸ್ಸು ಬದಲಿಸಿ 1999ರ ಹೊತ್ತಿಗೆ ಅಸಲಿ ಪರಿವರ್ತನೆ, ನಕಲಿ ಪರಿವರ್ತನೆ ಎಂದು ಬೇರ್ಪಡಿಸಿದರು. ಇಷ್ಟು ಓದಿದವರೇ ಇಲ್ಲಿ ತಡವರಿಸಿದ್ದಾರೆ ಅಂದಮೇಲೆ ನೀವು ಪಕ್ಕಕ್ಕೆ ಸರಿದು ಹೋಗುವುದು ಸಲ್ಲದು. ನನ್ನ ಮಟ್ಟಿಗೆ ಒಂದು ಗುರುತು ಇದೆ: ಆ ನಾಯಕನಿಗೆ ‘ಇಲ್ಲ’ ಎನ್ನುವ ಶಕ್ತಿ ಅನುಯಾಯಿಗಳಲ್ಲಿ ಬೆಳೆಯಿತೇ, ಬತ್ತಿತೇ? ಮಂಡೇಲಾ ಒಂದೇ ಅವಧಿ ಮುಗಿಸಿ 1999ರಲ್ಲಿ ಇಳಿದರು. ರಾಜಕೀಯದಲ್ಲಿ ಭಕ್ತಿ, ವ್ಯಕ್ತಿಪೂಜೆ ಅವನತಿಗೂ ಕಡೆಗೆ ಸರ್ವಾಧಿಕಾರಕ್ಕೂ ಒಯ್ಯುವ ದಾರಿ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ನಿಮ್ಮ ಕರಡಿನ ಧಾಟಿ ಆ ಭಕ್ತಿಗೆ ತೀರ ಹತ್ತಿರದ್ದು. ನೀವು ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ಮೆಚ್ಚಿಕೊಂಡವರ ಬಗ್ಗೆ ಬರೆಯುವಾಗ ಎಲ್ಲರ ಕೈಯೂ ಹಾಗೆ ಜಾರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಏಳು ಜನರನ್ನು ಬಿಡಿ, ಇಬ್ಬರನ್ನು ಇಟ್ಟುಕೊಳ್ಳಿ. ಕಿಂಗ್ ಮತ್ತು ಮಂಡೇಲಾ ಆದೀತು, ನಿಮಗೆ ಬೇರೆ ಜೋಡಿ ಹೊಳೆದರೆ ಅದೂ ಸರಿ. ಅಷ್ಟೇ ಪುಟಗಳಿರಲಿ, ಅವಸರ ಬೇಡ, ಎರಡು ತಿಂಗಳು ತೆಗೆದುಕೊಳ್ಳಿ. ಖಾಲಿ ಬಸ್ಸುಗಳ ಆ ಸೋಮವಾರ ಬೆಳಗ್ಗೆಯಿಂದ ಶುರುಮಾಡಿ ನೋಡಿ. ಕಿಂಗ್ ಹೆಸರು ಎರಡನೆಯ ಪುಟದವರೆಗೆ ಬರುವುದು ಬೇಡ. ಆ ಮೊದಲ ಎರಡು ಪುಟ ಆದ ಕೂಡಲೇ ನನಗೆ ಕಳಿಸಿ, ಉಳಿದದ್ದಕ್ಕೆ ಕಾಯುವುದಿಲ್ಲ, ಅಷ್ಟನ್ನೇ ಓದಿ ಬರೆಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ